ಐದು ಸೆಂಟು

ನಾಪೋಕ್ಲಿನ ಬೆಳೆಗಾರರ ಸಂಘದಲ್ಲಿ
ನನ್ನದು ಕಿಟಕಿ ಪಕ್ಕದ ಮೇಜು.
ತೂಕದ ಚೀಟಿ, ಗೊಬ್ಬರದ ರಸೀದಿ,
ಮಧ್ಯಾಹ್ನ ಮೂರರ ಮೇಲೆ ಚೋಂದಮ್ಮನವರ ಮಳೆ ಪುಸ್ತಕ.

ಐವತ್ತೆರಡು ವರ್ಷದ ಮಳೆ.
ಬೆಳಗ್ಗೆ ಏಳಕ್ಕೆ ಗಾಜಿನ ಕೊಳವೆ ಕಣ್ಣಮಟ್ಟಕ್ಕೆ ಹಿಡಿದು
ಮೊದಲು ಅವರ ಮಾವ ಬರೆದದ್ದು, ಆಮೇಲೆ ಇವರು:
ಇಂಚು, ಅಡ್ಡಗೆರೆ, ಸೆಂಟು.
ಕೆಲವು ಪುಟದಲ್ಲಿ ಲೋಟದ ಉಂಗುರ.
ಒಂದರಲ್ಲಿ ಬರೀ ಎರಡು ಮಾತು: ‘ಆನೆ. ಅಳೆಯಲಿಲ್ಲ.’

‘ಕಂಪ್ಯೂಟರಿಗೆ ಹಾಕಿಕೊಡು ಜುಮೈಲಾ’ ಅಂದರು.
ಹುಡುಕಿದೆ. ಬಿಟ್ಟಿ ತಂತ್ರಾಂಶ ಸಿಕ್ಕಿತು,
ಯಾರೋ ಕೆಲವರು ಕಟ್ಟಿ
ಚಿಲಕ ಹಾಕದೆ ಎದ್ದುಹೋದ ಮನೆಯಂಥದ್ದು.

ದೊಡ್ಡ ಮಳೆಗೆ ಅದರ ಲೆಕ್ಕ ಚೊಕ್ಕ.
ಸಣ್ಣದು ಬಂದಾಗ ಮಾತ್ರ ಬಾಯಿ ಹಾಕುತ್ತಿತ್ತು:
1-05 ಎಂದು ಹೊಡೆದರೆ
ಐದರ ಹಿಂದಿನ ಸೊನ್ನೆ ನುಂಗಿ
ಒಂದೂವರೆ ಇಂಚು ಎನ್ನುತ್ತಿತ್ತು, ನಾಚಿಕೆಯಿಲ್ಲದೆ.
ತುಂತುರು ಬಿದ್ದ ಮಾರ್ಚಿನಲ್ಲೇ
ನಕ್ಷೆಯೊಳಗೆ ತೋಡು ಉಕ್ಕುತ್ತಿತ್ತು.

ದೂರು ಬರೆದೆ.
ಇವೊ ಎಂಬವನಿಂದ ಉತ್ತರ: ಸೆಂಟು ಎಂದರೇನು?
ಅತ್ತರಲ್ಲ, ಚಿಲ್ಲರೆಯಲ್ಲ,
ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಜಾಗವೂ ಅಲ್ಲ,
ಇಂಚಿನ ನೂರನೇ ಪಾಲು ಎಂದೆ.
ಅವನೆಂದ: ಸರಿ. ನೀವೇ ತಿದ್ದಬಹುದಲ್ಲ?

ನಾನು?
ಬಿ.ಕಾಂ., ಮಡಿಕೇರಿಯಲ್ಲಿ ಆರು ತಿಂಗಳ ಕೋರ್ಸು,
ಅದರಲ್ಲೂ ಎರಡು ತಿಂಗಳು ರಸ್ತೆ ಕುಸಿದು ಬಸ್ಸಿರಲಿಲ್ಲ.
ಮುಯ್ಯಾಳು ಎಂದು ನಾಟಿಗೆ ಹೋಗುತ್ತಿದ್ದಳು ಉಮ್ಮ,
ಇವತ್ತು ಅವರ ಗದ್ದೆ, ನಾಡಿದ್ದು ಇನ್ನೊಬ್ಬರದು.
ಇಲ್ಲಿ ಗದ್ದೆ ಯಾರದೆಂದೇ ತಿಳಿಯದು.
ಬದುವಿನ ಮೇಲೆ ನಿಂತೆ
ಚಪ್ಪಲಿ ಬಿಡುವುದೋ ಬೇಡವೋ ಎಂದು
ಮೂರು ದಿನ.

ನಾಲ್ಕನೆಯ ದಿನ ಇಳಿದೆ.
ಓದಿದೆ, ಅರ್ಥವಾಗಲಿಲ್ಲ, ಮತ್ತೆ ಓದಿದೆ.
ಕೆಸರಿನಲ್ಲಿ ಕಾಲು ಕಾಣದಿದ್ದರೂ
ನೆಲ ಸಿಗುತ್ತದಲ್ಲ, ಹಾಗೆ
ಇನ್ನೂರ ಹನ್ನೆರಡನೇ ಸಾಲು ಸಿಕ್ಕಿತು.
ತಿದ್ದಿದ್ದು ಅರ್ಧ ಸಾಲು. ಅದರ ಜೊತೆ
ನಾಲ್ಕು ಸಾಲಿನ ಕ್ಷಮಾಪಣೆ ಬರೆದು, ಅಳಿಸಿ,
‘ಸೊನ್ನೆ ಉಳಿಸಿದ್ದೇನೆ’ ಎಂದಷ್ಟೇ ಕಳಿಸಿದೆ.

ಹೂಮಳೆ ಬಿದ್ದ ಒಂಬತ್ತನೆಯ ದಿನ ಕಾಫಿ ಅರಳುತ್ತದೆ.
ಇವೊ ಹದಿನಾಲ್ಕು ದಿನ ತೆಗೆದುಕೊಂಡ.
ಬಂದದ್ದೂ ಹೊಗಳಿಕೆಯಲ್ಲ:
ಸಾಲಿನ ಮೊದಲ ಜಾಗ ಸರಿಯಾಗಿ ಬಿಡಿ,
ಒಂದು ಪರೀಕ್ಷೆ ಸೇರಿಸಿ, ನಿಜವಾದ ಒಂದು ದಿನ ಕೊಡಿ.

ಸಿಟ್ಟು ಬಂತು. ಚಹಾ ಕುಡಿದೆ. ಸಿಟ್ಟು ಹೋಯಿತು.
ಪುಸ್ತಕ ತೆಗೆದು ಒಂದು ದಿನ ಆರಿಸಿದೆ:
ಏಪ್ರಿಲ್ ಮೂರು, ಎಪ್ಪತ್ತನಾಲ್ಕು.
1-05. ಪಕ್ಕದಲ್ಲಿ, ‘ಹೂವಿಗೆ ಸಾಕು.’

ಈಗ ಯಾವ ದೇಶದಲ್ಲಿ ಯಾರು ಏನು ತಿದ್ದಿದರೂ
ಮೊದಲು ಬಲ್ಲಮಾವಟಿಯಲ್ಲಿ
ಆ ದಿನದ ಮಳೆ ಇನ್ನೊಮ್ಮೆ ಬೀಳಬೇಕು,
ಸರಿಯಾಗಿ ಒಂದು ಇಂಚು ಐದು ಸೆಂಟು.
ಆಮೇಲೆ ಮುಂದಿನ ಮಾತು.
ಹೆಸರುಗಳ ಪಟ್ಟಿಯಲ್ಲಿ ಕೊನೆಯದು ನನ್ನದು,
ಕಾಗುಣಿತ ತಪ್ಪಿಲ್ಲ.

ಚೋಂದಮ್ಮನವರಿಗೆ ತೋರಿಸಿದೆ.
ಕನ್ನಡಕ ಏರಿಸಿ, ಪರದೆ ಬಿಟ್ಟು ಪುಸ್ತಕ ನೋಡಿ,
ಉಗುರು ಇಟ್ಟರು ಆ ಅಂಕಿಯ ಮೇಲೆ.
‘ಇದು ಐದಲ್ಲ ಹುಡುಗಿ, ಆರು.
ಮಾವ ಆರರ ಹೊಟ್ಟೆ ಮುಚ್ಚುತ್ತಿರಲಿಲ್ಲ.’

ಸಂಘದ ಬಾಗಿಲು ಐದೂವರೆಗೆ ಹಾಕಬೇಕು.
ಬೀಗದ ಕೈ ಮೇಜಿನ ಮೇಲಿಟ್ಟು ಮತ್ತೆ ಕೂತೆ.
ಬದಲಾವಣೆಗೆ ಕಾರಣ ಕೇಳಿತು ಖಾಲಿ ಚೌಕ.
ಈ ಸಲ ಕೈ ತಡೆಯಲಿಲ್ಲ:
‘ಒಂದು ಸೆಂಟು ಮಳೆ ಬಾಕಿ ಇತ್ತು.’